ಓರಗಿತ್ತಿಯ ಕನ್ನಡಕ

ನನ್ನ ಮೈದುನನ ಹೆಂಡತಿ ಆ ಫೋಟೋ ಹಾಕಿದ್ದು ಮನೆಯವರೆಲ್ಲ ಇರುವ ವಾಟ್ಸಾಪ್ ಗುಂಪಿನಲ್ಲಿ. ಸುಳ್ಯದಲ್ಲಿ ಅವರದ್ದೇ ಅಂಗಡಿ. ಅಲ್ಲಿ ಲೇಸರ್ ಮಿಷನ್ನಿನ ಪಕ್ಕ ನಿಂತು ನಗುತ್ತಿದ್ದಳು. ಕಣ್ಣಿಗೆ ಕನ್ನಡಕ, ಗಾಜು ನೀರಿನಷ್ಟು ತಿಳಿ, ಕಡ್ಡಿ ನೀಲಿ. ಕೆಲಸಕ್ಕೆ ಹಾಕಿಕೊಳ್ಳುವ ಸಾಮಾನು ಎಂದು ಯಾರೂ ಹೇಳುವಂತಿರಲಿಲ್ಲ, ಅವಳ ಮುಖಕ್ಕೆ ಅಷ್ಟು ಒಪ್ಪಿತ್ತು. ನಮ್ಮ ಅತ್ತೆಗೆ ಮೊಬೈಲಿನಲ್ಲಿ ಹೃದಯದ ಚಿತ್ರ ಒತ್ತಲು ಬರುತ್ತದೆ ಎಂದು ನನಗೆ ಗೊತ್ತಾದದ್ದೇ ಅವತ್ತು. ನನ್ನ ಗಂಡ ಕೂಡ ಹೆಬ್ಬೆರಳು ಎತ್ತಿದ ಚಿತ್ರ ಹಾಕಿದರು. ನಾನು ಏನೂ ಹಾಕಲಿಲ್ಲ. ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಕನ್ನಡಕವನ್ನೇ ನೋಡುತ್ತ ಕೂತೆ.

ನಮ್ಮ ಅಂಗಡಿ ಪುತ್ತೂರಿನಲ್ಲಿ. ಟ್ರೋಫಿ, ಮನೆಯ ಬಾಗಿಲಿಗೆ ಹಾಕುವ ಹೆಸರಿನ ಫಲಕ, ಉಡುಗೊರೆ ಕೊಡುವ ಸ್ಟೀಲು ಪಾತ್ರೆಗಳಿಗೆ ಹೆಸರು ಕೊರೆದು ಕೊಡುವುದು, ಇಂಥ ಕೆಲಸ. ನಾನು ಮದುವೆಯಾಗಿ ಬಂದಾಗ ಅಂಗಡಿಯಲ್ಲಿ ಕೂರಬೇಕೆಂದರೆ ಅತ್ತೆ ಒಪ್ಪಿರಲಿಲ್ಲ. ಹೋಗುವವರು ಬರುವವರು ನೋಡುವ ಜಾಗದಲ್ಲಿ ಹೆಣ್ಣುಮಕ್ಕಳು ಯಾಕೆ ಕೂರಬೇಕು ಎಂದು ಕೇಳುತ್ತಿದ್ದರು. ಮೊದಲು ಮನೆಯಲ್ಲೇ ಕೂತು ಕೊರೆದು ಕೊಟ್ಟೆ. ಬಳಿಕ ಮಧ್ಯಾಹ್ನ ಗಂಡ ಊಟಕ್ಕೆ ಬರುವ ಹೊತ್ತಿಗೆ ಮಾತ್ರ ಅಂಗಡಿಗೆ ಹೋದೆ. ಹೀಗೆ ಸ್ವಲ್ಪ ಸ್ವಲ್ಪವಾಗಿ, ವರ್ಷಗಟ್ಟಲೆ ಮಾತು ಕೇಳಿ, ಆ ಕುರ್ಚಿ ನನ್ನದಾಯಿತು. ಕೈಯಲ್ಲಿ ನಡುಗುವ ಕರೆಂಟಿನ ಪೆನ್ನು ಹಿಡಿದು ತಪಲೆಯ ಕಂಠದಲ್ಲಿ ದುಂಡಗೆ ಅಕ್ಷರ ಬರೆಯುತ್ತಿದ್ದೆ. ನನ್ನ ಅಕ್ಷರಕ್ಕಾಗಿಯೇ ಬೆಳ್ಳಾರೆಯಿಂದ ಪಾತ್ರೆ ಹೊತ್ತು ಬರುವವರಿದ್ದರು.

ಓರಗಿತ್ತಿ ಬಂದ ವರ್ಷವೇ ಅಂಗಡಿಯಲ್ಲಿ ಕೂತಳು. ಅತ್ತೆ ಒಂದು ಮಾತೂ ಆಡಲಿಲ್ಲ. ಅವಳು ಓದಿದವಳು, ಚಂದ ಚಿತ್ರ ಬಿಡಿಸುತ್ತಾಳೆ ಎಂದರು. ಮೈದುನ ಸುಳ್ಯದಲ್ಲಿ ಬೇರೆ ಅಂಗಡಿ ಹಾಕಿದ. ಮರ, ಅಕ್ರಿಲಿಕ್ ಕತ್ತರಿಸುವ ಲೇಸರ್ ಮಿಷನ್ ತಂದರು. ಅವಳು ಮಾಡಿದ ಮರದ ಫಲಕವೊಂದು ನಮ್ಮ ಮನೆಯ ಬಾಗಿಲಿಗೇ ಬಂತು. ಅಲ್ಲಿ ಮೊದಲು ನಾನು ಹಿತ್ತಾಳೆಯಲ್ಲಿ ಕೊರೆದದ್ದು ಇತ್ತು. ನನ್ನದನ್ನು ಅತ್ತೆ ತೆಗೆದು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟರು. ಬಿಸಾಡಿದ್ದರೆ ಜಗಳವಾದರೂ ಆಡಬಹುದಿತ್ತು.

ಮಾರನೆಯ ವರ್ಷ ನಾನು ಹಟ ಹಿಡಿದು ನಮಗೂ ಒಂದು ಲೇಸರ್ ತರಿಸಿದೆ. ನಮ್ಮದು ಫೈಬರ್ ಲೇಸರ್, ಲೋಹಕ್ಕೆ ಹೆಸರು ಹಾಕುವಂಥದ್ದು. ಪಾತ್ರೆಯನ್ನು ಕೆಳಗಿಟ್ಟರೆ ಮೇಲಿನಿಂದ ಒಂದು ಕೆಂಪು ಚುಕ್ಕೆ ಬಿದ್ದು ಜಾಗ ತೋರಿಸುತ್ತದೆ. ನಿಜವಾಗಿ ಕೊರೆಯುವ ಬೆಳಕು ಕಣ್ಣಿಗೆ ಕಾಣುವುದೇ ಇಲ್ಲ. ಸಣ್ಣ ಕಿಡಿಗಳು ಹಾರುತ್ತವೆ, ಅಷ್ಟೆ. ಮಿಷನ್ನಿನ ಪೆಟ್ಟಿಗೆಯೊಳಗೆ ಒಂದು ಹಸಿರು ಕನ್ನಡಕವೂ ಬಂದಿತ್ತು. ಅದರ ಮೇಲೆ ಒಂದಕ್ಷರ ಬರೆದಿರಲಿಲ್ಲ. ಹಾಕಿಕೊಂಡರೆ ಕಿವಿಯ ಹಿಂದೆ ಒತ್ತುತ್ತಿತ್ತು. ಒಬ್ಬರು ಗಿರಾಕಿ ಒಳಗೆ ಬಂದವರು ನನ್ನ ಮುಖ ನೋಡಿ, "ಇದೆಂತ, ವೆಲ್ಡಿಂಗ್ ಶಾಪ್ ಮಾಡಿದ್ದೀರಾ?" ಎಂದು ನಕ್ಕಿದ್ದರು.

ಆ ಫೋಟೋ ನೋಡಿದ ದಿನ ಇದೆಲ್ಲ ಒಟ್ಟಿಗೆ ನೆನಪಾಯಿತು. ಅವಳಿಗೆ ಅದು, ನನಗೆ ಇದು. ಕನ್ನಡಕದ ಕಡ್ಡಿಯ ಮೇಲಿದ್ದ ಸಣ್ಣ ಅಕ್ಷರವನ್ನು ಹಿಗ್ಗಿಸಿ ಓದಿ, ಆನ್‌ಲೈನಿನಲ್ಲಿ ಹುಡುಕಿ, ಅದೇ ಕನ್ನಡಕ, ಅದೇ ನೀಲಿ ಕಡ್ಡಿ, ಯಾರಿಗೂ ಹೇಳದೆ ತರಿಸಿಕೊಂಡೆ. ಬಂದ ದಿನವೇ ಅಂಗಡಿಯ ಕನ್ನಡಿಯ ಮುಂದೆ ಹಾಕಿ ನೋಡಿದೆ. ನನಗೂ ಚೆನ್ನಾಗಿಯೇ ಕಂಡಿತು. ಹಸಿರು ಕನ್ನಡಕವನ್ನು ಮೇಜಿನ ಕೆಳಗಿನ ಡ್ರಾಯರಿಗೆ ತಳ್ಳಿದೆ.

ಆಗ ನಮ್ಮಲ್ಲಿ ಕಡಬದ ಒಂದು ಮನೆಯೊಕ್ಕಲಿನ ಆರ್ಡರ್ ಇತ್ತು. ಬಂದ ನೆಂಟರಿಗೆಲ್ಲ ಕೊಡಲು ಸ್ಟೀಲಿನ ಡಬ್ಬಗಳು. ಪ್ರತಿಯೊಂದರ ಮುಚ್ಚಳದ ಮೇಲೆ ಮನೆಯ ಹೆಸರು. ಕೆಲವು ದಿನ ಹೊಸ ಕನ್ನಡಕ ಹಾಕಿಕೊಂಡು ಅದನ್ನೇ ಕೊರೆದೆ. ಒಂದು ಬೆಳಿಗ್ಗೆ ಗಂಡ ಈಶ್ವರಮಂಗಲಕ್ಕೆ ಟ್ರೋಫಿ ಕೊಡಲು ಹೋಗಿದ್ದರು. ಅಂಗಡಿಯಲ್ಲಿ ನಾನೊಬ್ಬಳೇ. ಕಿಡಿ ಹಾರುತ್ತಿರುವ ಮಿಷನ್ನಿನ ಪಕ್ಕ ನಿಂತು ನನ್ನದೇ ಫೋಟೋ ತೆಗೆದು, ಅದೇ ಗುಂಪಿಗೆ ಹಾಕಿದೆ. ಅತ್ತೆ ಏನು ಒತ್ತುತ್ತಾರೆ ನೋಡೋಣ ಎಂದು ಕಾದೆ.

ಅತ್ತೆ ಏನೂ ಒತ್ತುವ ಮೊದಲೇ ಓರಗಿತ್ತಿಯ ಫೋನು ಬಂತು.

"ಅಕ್ಕ, ನಿಮ್ಮ ಮಿಷನ್ ಫೈಬರ್ ಅಲ್ವಾ?"

"ಹೌದು. ಎಂತಕ್ಕೆ?"

"ಆ ಕನ್ನಡಕ ಹಾಕಿ ಅದರಲ್ಲಿ ಕೆಲಸ ಮಾಡ್ಬೇಡಿ. ಮಿಷನ್ ಒಮ್ಮೆ ಆಫ್ ಮಾಡಿ ಅಕ್ಕ. ಈಗಲೇ."

"ನಿನ್ನದೂ ಇದೇ ಅಲ್ವಾ ಮಾರಾಯ್ತಿ? ನೀನು ಹಾಕಿದ್ರೆ ಆಗ್ತದೆ, ನಾನು ಹಾಕಿದ್ರೆ ಆಗುದಿಲ್ವಾ?"

"ಹಾಗಲ್ಲ ಅಕ್ಕ..."

ನನಗೆ ಮುಂದೆ ಕೇಳಲು ಮನಸ್ಸಿರಲಿಲ್ಲ. ಗಿರಾಕಿ ಬಂದರು ಎಂದು ಸುಳ್ಳು ಹೇಳಿ ಇಟ್ಟೆ. ತನ್ನ ಹಾಗೆಯೇ ನಾನೂ ಒಂದನ್ನು ತೆಗೆದುಕೊಂಡದ್ದು ಅವಳಿಗೆ ಹೊಟ್ಟೆಕಿಚ್ಚು ಎಂದುಕೊಂಡೆ. ಆ ಯೋಚನೆ ನನಗೆ ಬಹಳ ಹಿತವಾಯಿತು. ಇಷ್ಟು ವರ್ಷ ನನ್ನ ಹೊಟ್ಟೆಯಲ್ಲಿದ್ದದ್ದು ಕೊನೆಗೂ ಅವಳ ಹೊಟ್ಟೆಗೂ ಹೋಯಿತಲ್ಲ ಎಂದು. ಇನ್ನೊಂದು ಡಬ್ಬದ ಮುಚ್ಚಳ ಎತ್ತಿಟ್ಟು ಮಿಷನ್ ಚಾಲೂ ಮಾಡಿದೆ. ಫೋನು ಮತ್ತೆ ಮತ್ತೆ ಬಡಿದುಕೊಂಡಿತು. ನಾನು ಎತ್ತಲಿಲ್ಲ.

ಊಟದ ಹೊತ್ತಿಗೆ ಅವಳೇ ಬಂದಳು. ಸುಳ್ಯದಿಂದ ಬಸ್ಸು ಹತ್ತಿ, ಪುತ್ತೂರಿನ ಸ್ಟ್ಯಾಂಡಿನಿಂದ ಆ ಬಿಸಿಲಲ್ಲಿ ನಡೆದು ಬಂದಿದ್ದಳು. ಬಾಗಿಲಲ್ಲಿ ನಿಂತು, ಒಳಗೆ ಕಾಲಿಡದೆ, ಮುಖವನ್ನು ಬೀದಿಯ ಕಡೆ ತಿರುಗಿಸಿಕೊಂಡೇ ಕೂಗಿದಳು: "ಅಕ್ಕ, ಮೊದ್ಲು ಅದನ್ನು ನಿಲ್ಸಿ!"

ಅವಳು ನನ್ನ ಮೇಲೆ ದನಿ ಎತ್ತಿದ್ದು ಅದೇ ಮೊದಲು. ಗಾಬರಿಯಿಂದಲೇ ನಿಲ್ಲಿಸಿದೆ. ಆಮೇಲೆ ಒಳಗೆ ಬಂದು, ನೀರು ಕೂಡ ಕೇಳದೆ, ನನ್ನ ಮುಖದಿಂದ ಕನ್ನಡಕ ತೆಗೆದಳು.

"ಇದರ ಮೇಲೆ ಎಂತ ಬರೆದುಂಟು, ಓದಿ."

ಓದುವ ಕನ್ನಡಕ ಹಾಕಿಕೊಂಡು ಸಿಟ್ಟಿನಲ್ಲೇ ಓದಿದೆ. "10600."

"ಈಗ ನಿಮ್ಮ ಮಿಷನ್ನಿನ ಹಿಂದೆ ಸ್ಟಿಕ್ಕರ್ ಉಂಟಲ್ಲ, ಅದನ್ನು ಓದಿ."

ಬಗ್ಗಿ ನೋಡಿದೆ. "1064. ಮತ್ತೆಂತ? ನನ್ನ ಮಿಷನ್ನಿಗಿಂತ ಕನ್ನಡಕದ್ದು ದೊಡ್ಡ ನಂಬರು. ಇನ್ನೂ ಒಳ್ಳೇದಾಯ್ತಲ್ಲ?"

ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಸ್ಟೂಲಿನ ಮೇಲೆ ಕುಸಿದು ಕೂತು ಹೇಳಿದಳು: "ಅದು ಶಕ್ತಿಯ ನಂಬರಲ್ಲ ಅಕ್ಕ. ಬೆಳಕು ಯಾವ ಜಾತಿಯದ್ದು ಅಂತ ಹೇಳುವ ನಂಬರು. ತರಂಗಾಂತರ. ನನ್ನ ಮಿಷನ್ನಿನ ಬೆಳಕು ಬೇರೆ, ನಿಮ್ಮದು ಬೇರೆ. ಈ ಗಾಜು ನನ್ನ ಬೆಳಕನ್ನು ತಡೀತದೆ. ನಿಮ್ಮದಕ್ಕೆ ಇದು ಕಿಟಕಿಯ ಗಾಜು ಇದ್ದ ಹಾಗೆ. ಇದ್ರೂ ಒಂದೇ, ಇಲ್ಲದಿದ್ರೂ ಒಂದೇ."

"ಕಣ್ಣಿಗೆ ಎಂತದೂ ಆಗ್ಲಿಲ್ಲ. ಉರಿ ಇಲ್ಲ, ನೋವಿಲ್ಲ."

"ಅದೇ ಹೆದರಿಕೆ ಅಕ್ಕ. ನಿಮ್ಮ ಬೆಳಕು ನೋಯಿಸುದಿಲ್ಲ. ಸೀದಾ ಕಣ್ಣಿನ ಹಿಂದಿನ ಪರದೆಗೆ ಹೋಗ್ತದೆ. ಹೊಳೆಯುವ ಸ್ಟೀಲು ಬೇರೆ, ಎಲ್ಲಿಗೆ ಚಿಮ್ಮುತ್ತದೆ ಅಂತ ಹೇಳ್ಲಿಕ್ಕಾಗುದಿಲ್ಲ."

ಎದುರಿಗೆ ಜೋಡಿಸಿಟ್ಟ ಡಬ್ಬದ ಮುಚ್ಚಳಗಳು ಟ್ಯೂಬ್‌ಲೈಟಿನ ಬೆಳಕಲ್ಲಿ ಹೊಳೆಯುತ್ತಿದ್ದವು. ಅವುಗಳಲ್ಲಿ ಎಷ್ಟಕ್ಕೆ ನಾನು ಕಣ್ಣಿಟ್ಟು ಬಗ್ಗಿ ನೋಡಿದ್ದೆನೋ. ಹಾಗಿದ್ದೂ ನನ್ನ ಬಾಯಿಂದ ಬಂದದ್ದು, "ಫೋನಲ್ಲೇ ಹೇಳ್ಬಹುದಿತ್ತಲ್ಲ?" ಎಂಬ ಮಾತು. ಅವಳು, "ನೀವು ಎತ್ತಿದ್ರಲ್ವಾ ಹೇಳುದು!" ಎಂದಳು. ಅಷ್ಟರಲ್ಲಿ ಅವಳ ಕಣ್ಣಲ್ಲಿ ನೀರು ತುಂಬಿತ್ತು. ಅಳುವುದಕ್ಕೂ ಅವಳೇ ಮೊದಲು ಎಂದು ನನಗೆ ಅನಿಸಿತು.

ಆ ಮಧ್ಯಾಹ್ನವೇ ಇಬ್ಬರೂ ಕಣ್ಣಿನ ಡಾಕ್ಟರಲ್ಲಿಗೆ ಹೋದೆವು. ಡಾಕ್ಟರು ಕಣ್ಣಿಗೆ ಹನಿ ಬಿಟ್ಟು, ಸ್ವಲ್ಪ ಹೊತ್ತು ಕಾಯಲು ಹೇಳಿ, ಕತ್ತಲೆ ಕೋಣೆಯಲ್ಲಿ ಕೂರಿಸಿ ನೋಡಿದರು. ಅಷ್ಟು ಹೊತ್ತೂ ನಾನು ಒಳಗೊಳಗೇ ಹರಕೆ ಹೇಳಿಕೊಂಡೆ. ಕೊನೆಗೆ ಅವರು, "ಪರದೆ ಚೆನ್ನಾಗಿದೆ, ಸುಟ್ಟ ಗುರುತು ಇಲ್ಲ" ಎಂದರು. ನನಗೆ ಹೋದ ಜೀವ ಬಂದಂತಾಯಿತು. ಡಾಕ್ಟರು ಅಲ್ಲಿಗೇ ನಿಲ್ಲಿಸಬಹುದಿತ್ತು. ಅವಳ ಕಡೆ ತಿರುಗಿ, "ಒಳ್ಳೆ ಹೊತ್ತಿಗೆ ನಿಲ್ಲಿಸಿದಿರಿ. ಸುಟ್ಟರೆ ಮತ್ತೆ ಸರಿ ಮಾಡಲು ಬರುವ ಜಾಗ ಅಲ್ಲ ಅದು. ಜಾಣೆ" ಎಂದರು. ಕಣ್ಣು ನನ್ನದು, ಹನಿ ಬಿಡಿಸಿಕೊಂಡವಳು ನಾನು, ಹೊಗಳಿಕೆ ಅವಳಿಗೆ.

ಹನಿ ಬಿಟ್ಟ ಕಣ್ಣಿಗೆ ಹೊರಗಿನ ಬಿಸಿಲು ಚುಚ್ಚಿತು. ರಸ್ತೆ, ಬಸ್ಸು, ಜನ ಎಲ್ಲ ಕಲಸಿಹೋಗಿತ್ತು. ಅವಳು ನನ್ನ ಕೈ ಹಿಡಿದು ರಸ್ತೆ ದಾಟಿಸಿದಳು. ಬಿಡಿಸಿಕೊಳ್ಳುವ ಮನಸ್ಸಿದ್ದರೂ ಬಿಡಿಸಿಕೊಳ್ಳುವಂತಿರಲಿಲ್ಲ. ಅವಳು ಡಾಕ್ಟರಲ್ಲಿಂದಲೇ ನನ್ನ ಗಂಡನಿಗೆ ಫೋನು ಮಾಡಿದ್ದಳು. ಮನೆಗೆ ಹೋಗುವಷ್ಟರಲ್ಲಿ ಅವರಿಂದ ಅತ್ತೆಗೆ ಸುದ್ದಿ ತಲುಪಿತ್ತು. ಅತ್ತೆ ಜಗಲಿಯಲ್ಲಿ ನಿಂತಿದ್ದವರು ಮೊದಲು ನನ್ನ ಎರಡೂ ಕೆನ್ನೆ ಹಿಡಿದು ಕಣ್ಣು ನೋಡಿದರು. "ಎಂತ ಹೆಣ್ಣೇ ನೀನು" ಎಂದು ಗದರಿದರು. ನನಗಾಗಿ ಹೆದರಿದ್ದಾರೆ ಎಂದು ಗೊತ್ತಾಗಿ ನನಗೆ ಅಳು ಬಂತು. ಆದರೆ ಮರುಕ್ಷಣವೇ ಅವಳ ಕಡೆ ತಿರುಗಿ, "ನೀನಿಲ್ಲದಿದ್ರೆ ಎಂತ ಗತಿಯಾಗ್ತಿತ್ತು ಮಗಾ" ಎಂದರು. ನನಗೆ ಅಳು ನಿಂತುಹೋಯಿತು.

ಸರಿಯಾದ ಕನ್ನಡಕ ಸಿಗುವವರೆಗೆ ಮಿಷನ್ ಮುಟ್ಟಬಾರದು ಎಂದು ಗಂಡ ಹೇಳಿದರು. ಕಡಬದವರ ಉಳಿದ ಡಬ್ಬಗಳನ್ನು ನಾನು ಹಳೆಯ ಪೆನ್ನಿನಲ್ಲಿ ಕೈಯಿಂದಲೇ ಕೊರೆದೆ. ಆಚೆ ಓರಗಿತ್ತಿ ಸುಳ್ಯದಿಂದಲೇ ಫೋನು ಹಿಡಿದು ಕೂತಳು. ಮಿಷನ್ ಮಾರಿದವರಿಗೆ ನನ್ನನ್ನೂ ಸೇರಿಸಿ ಕರೆ ಮಾಡಿದಳು. ಅವರು, "ಪೆಟ್ಟಿಗೆಯಲ್ಲಿ ಬಂದ ಹಸಿರು ಕನ್ನಡಕವೇ ಸಾಕು ಮೇಡಂ, ಹಸಿರು ಇದ್ದರಾಯ್ತು" ಎಂದರು.

"ಬಣ್ಣ ನೋಡಿ ಹೇಳುದು ಬೇಡ. ಅದರ ಮೇಲೆ 1064 ಅಂತ ಬರೆದುಂಟಾ? ಓ.ಡಿ. ಎಷ್ಟು?" ಎಂದು ಅವಳು ಕೇಳಿದಳು. ನೋಡಿ ಹೇಳುತ್ತೇನೆ ಎಂದು ಅವರು ಫೋನು ಇಟ್ಟರು.

ಓ.ಡಿ. ಎಂದರೆ ಎಂತ ಎಂದು ಅವಳ ಹತ್ತಿರ ಕೇಳಲು ನನಗೆ ಬಹಳ ಕಷ್ಟವಾಯಿತು. ಆದರೂ ಕೇಳಿದೆ. ಗಾಜು ಆ ಬೆಳಕನ್ನು ಎಷ್ಟು ತಡೆಯುತ್ತದೆ ಎಂಬ ಲೆಕ್ಕವಂತೆ. ಓ.ಡಿ. ಆರು ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು ಮಾತ್ರ ಒಳಗೆ ಬಿಡುತ್ತದೆ. ಎಷ್ಟು ಬೇಕು ಎನ್ನುವುದು ಮಿಷನ್ನಿನ ಶಕ್ತಿಯ ಮೇಲೆ. ನಮ್ಮ ಮಿಷನ್ನಿನ ವಿವರವೆಲ್ಲ ಕೊಟ್ಟು ಕನ್ನಡಕ ಮಾಡುವವರನ್ನೇ ಕೇಳಿದೆವು. ಪರೀಕ್ಷೆಯ ಪತ್ರ ಜೊತೆಗೆ ಕಳಿಸುವವರಿಂದಲೇ ತರಿಸಬೇಕು ಎಂದು ಅವಳು ಹಟ ಹಿಡಿದಳು.

ಮೊದಲು ಬಂದದ್ದರ ಮೇಲೆ ನಂಬರು, ಓ.ಡಿ. ಎಲ್ಲ ಸರಿ ಇತ್ತು. ಆದರೆ ಗಾಜು ಎಷ್ಟು ಕಪ್ಪೆಂದರೆ ಕೊರೆದ ಅಕ್ಷರವೇ ಕಾಣುತ್ತಿರಲಿಲ್ಲ. ನನಗೆ ಚಾಳೀಸು ಬಂದಿದೆ, ಓದುವ ಕನ್ನಡಕ ಇಲ್ಲದೆ ಆಗದು. ಅದರ ಮೇಲೆ ಇದು ಕೂರದೆ ಬದಿಯಲ್ಲಿ ಬೆರಳು ತೂರುವಷ್ಟು ಸಂದಿ. ಗಂಡ, "ನಂಬರು ಸರಿ ಉಂಟಲ್ಲ, ಹೊಂದಿಸ್ಕೋ" ಎಂದರು. ಈ ಸಲ ನಾನೇ ಒಪ್ಪಲಿಲ್ಲ. ಕಾಣದಿದ್ದರೆ ನಾನು ಕೆಲಸದ ನಡುವೆ ಅದನ್ನು ಹಣೆಗೆ ಏರಿಸಿಯೇ ಏರಿಸುತ್ತೇನೆ, ನನ್ನನ್ನು ನಾನು ಬಲ್ಲೆ. ವಾಪಸು ಕಳಿಸಿದೆವು. ಎರಡನೆಯದು ಓದುವ ಕನ್ನಡಕದ ಮೇಲೆಯೇ ಕೂರುವಂಥದ್ದು, ಬದಿಗೂ ಹುಬ್ಬಿಗೂ ಮುಚ್ಚಿಗೆ ಇತ್ತು, ತಿಳಿ ಹಸಿರು. ಹಾಕಿಕೊಂಡರೆ ಕಪ್ಪೆಯ ಹಾಗೆ ಕಾಣುತ್ತೇನೆ. ಇದನ್ನು ಹಾಕಿಕೊಂಡೂ ಕೊರೆಯುವ ಜಾಗವನ್ನೇ ದಿಟ್ಟಿಸಬಾರದು. ಗಂಡನಿಗೂ ಅಂಥದ್ದೇ ಒಂದು ತರಿಸಿದೆವು. ಗಿರಾಕಿಗಳ ಬೆಂಚು ಈಗ ಹಲಗೆಯ ಗೋಡೆಯ ಆಚೆ ಉಂಟು.

ಕಡಬದವರು ಡಬ್ಬ ಒಯ್ಯಲು ಬಂದಾಗ ಎರಡು ಬಗೆಯ ಅಕ್ಷರ ನೋಡಿ ಮುಖ ಸಣ್ಣ ಮಾಡಿದರು. ಕೊನೆಗೆ ಆ ಮನೆಯ ಅಜ್ಜಿ ಕೈಯಲ್ಲಿ ಬರೆದದ್ದನ್ನು ಹತ್ತಿರದ ನೆಂಟರಿಗೆ ಕೊಡೋಣ ಎಂದು ಬೇರೆ ಮಾಡಿಸಿದರು. ಅವತ್ತು ಓರಗಿತ್ತಿಯೂ ಅಂಗಡಿಯಲ್ಲಿ ಇದ್ದಿದ್ದರೆ ಎಂದು ಬಹಳ ಆಸೆಯಾಯಿತು.

ಅತ್ತೆ ಈಗಲೂ ಬಂದವರಿಗೆಲ್ಲ ಈ ಕಥೆ ಹೇಳುತ್ತಾರೆ. ಅವರ ಬಾಯಲ್ಲಿ ಅದು, ಸಣ್ಣ ಸೊಸೆ ದೊಡ್ಡ ಸೊಸೆಯ ಕಣ್ಣು ಉಳಿಸಿದ ಕಥೆ. ಸಂಪಾಜೆಯ ನೆಂಟರ ಮುಂದೆ ಹೇಳಿದಾಗ ನಾನು ಅಡಿಗೆಮನೆಯಿಂದಲೇ, "ನನ್ನ ಕಣ್ಣಿಗೆ ಎಂತದೂ ಆಗಿರ್ಲಿಲ್ಲ" ಎಂದು ಕೂಗಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕಳೆದ ತಿಂಗಳು ಅವಳು ಫೋನು ಮಾಡಿದಳು. ಸುಳ್ಯದ ಅಂಗಡಿಗೂ ಫೈಬರ್ ಲೇಸರ್ ತಂದಿದ್ದಾರಂತೆ, ಇನ್ನೂ ಚಾಲೂ ಮಾಡಿಲ್ಲವಂತೆ. ನಮ್ಮದಕ್ಕಿಂತ ದೊಡ್ಡದು, ಹೆಚ್ಚು ಶಕ್ತಿಯದ್ದು. ಇನ್ನು ಸುಳ್ಯ, ಬೆಳ್ಳಾರೆಯ ಪಾತ್ರೆಗಳೂ ಅಲ್ಲಿಗೇ ಎಂದು ನನ್ನ ಹೊಟ್ಟೆಯೊಳಗೆ ಸಣ್ಣಗೆ ಉರಿ ಎದ್ದಿತು. "ನಿಮ್ಮ ಹಾಗಿನದ್ದೇ ಕನ್ನಡಕ ತರಿಸ್ಲಾ ಅಕ್ಕ?" ಎಂದು ಕೇಳಿದಳು. ಹೌದು ಎಂದು ಇಟ್ಟುಬಿಡಬಹುದಿತ್ತು. "ಬೇಡ. ನಿನ್ನ ಮಿಷನ್ನಿಗೆ ಶಕ್ತಿ ಹೆಚ್ಚುಂಟು, ನನ್ನ ಓ.ಡಿ. ನಿನಗೆ ಸಾಕಾಗ್ತದೋ ಇಲ್ವೋ. ಅದರ ಸ್ಟಿಕ್ಕರಿನ ಫೋಟೋ ಕಳ್ಸು, ನಾನೇ ಕೇಳಿ ಹೇಳ್ತೇನೆ" ಎಂದೆ.

ಫೋಟೋ ಕೂಡಲೇ ಬಂತು. ಮಿಷನ್ ಹೊಸದಾಗಿ ಫಳಫಳ ಹೊಳೆಯುತ್ತಿತ್ತು. ನನ್ನದರ ಮೇಲೆ ಆಗಲೇ ಗೀರುಗಳು ಬಿದ್ದಿವೆ. ಹಿಗ್ಗಿಸಿ, ಸ್ಟಿಕ್ಕರಿನ ಅಕ್ಷರಗಳನ್ನು ಒಂದೊಂದಾಗಿ ಓದಿಕೊಂಡು, ಕನ್ನಡಕದವರಿಗೆ ಫೋನು ಹಚ್ಚಿದೆ.