ಎಕ್ಸ್‌ರೇ ಕೋಣೆಯ ಸಾಕ್ಷಿ

ಆಸ್ಪತ್ರೆಯ ನೆಲಮಾಳಿಗೆಯ ಎಕ್ಸ್‌ರೇ ಕೋಣೆಯಲ್ಲಿ ಅವರು ಹತ್ತೊಂಬತ್ತು ವರ್ಷಗಳಿಂದ ಟೆಕ್ನಿಷಿಯನ್. ದಿನಕ್ಕೆ ಅರವತ್ತು, ಎಪ್ಪತ್ತು ಜನ. ಎದೆಯ ಚಿತ್ರಕ್ಕೆ ಬಂದವರಿಗೆಲ್ಲ ಅದೇ ಮೂರು ಮಾತು: ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ. ಗಾಜಿನ ಹಿಂದೆ ನಿಂತು ಗುಂಡಿ ಒತ್ತುವಾಗ ತಾವೂ ಉಸಿರು ಹಿಡಿಯುತ್ತಾರೆ. ಹಾಗೆ ಮಾಡಬೇಕೆಂದು ಯಾರೂ ಹೇಳಿಕೊಟ್ಟದ್ದಲ್ಲ.

ಕೋಣೆಗೊಂದು ನಿಯಮವಿದೆ. ಪರದೆಯ ಮೇಲೆ ಏನೇ ಕಂಡರೂ ರೋಗಿಗೆ ಹೇಳುವಂತಿಲ್ಲ; ಅದು ಡಾಕ್ಟರ ಕೆಲಸ. ಆದರೆ ಜನ ನೋಡುವುದು ಟೆಕ್ನಿಷಿಯನ್ ಮುಖವನ್ನು. ಅದನ್ನು ಸದಾ ಒಂದೇ ತೆರನಾಗಿ ಇಟ್ಟುಕೊಳ್ಳುವುದೂ ಕೆಲಸದ ಭಾಗ. ಮುರಿದ ಮೂಳೆಗೂ ಮುರಿಯದ ಮೂಳೆಗೂ ಇವರದು ಒಂದೇ ಮುಖ. ಜೊತೆಯವರು ‘ಕಲ್ಲಮ್ಮ’ ಎಂದು ಹೆಸರಿಟ್ಟಿದ್ದಾರೆ.

ಬೆನ್ನುನೋವಿಗೆಂದು ಅವರು ಸಂಜೆಯ ಯೋಗ ತರಗತಿ ಸೇರಿದರು. ಧ್ಯಾನದ ಹೊತ್ತಿನಲ್ಲಿ ಮೇಷ್ಟ್ರು ಹೇಳುತ್ತಿದ್ದುದು ಇಷ್ಟೇ: ಬಂದದ್ದನ್ನು ನೋಡಿ, ಹಿಡಿಯಬೇಡಿ, ತಳ್ಳಬೇಡಿ, ಸಾಕ್ಷಿಯಾಗಿರಿ.

“ಸಾರ್, ನನಗೆ ಇದಕ್ಕೇ ಸಂಬಳ ಕೊಡ್ತಾರೆ,” ಎಂದರು ಇವರು. ತರಗತಿ ನಕ್ಕಿತು. ಮೇಷ್ಟ್ರು ನಗಲಿಲ್ಲ.

“ಅಲ್ಲಮ್ಮ, ನೀವು ಉಸಿರಿಗೆ ಗೇಟು ಹಾಕ್ಕೊಂಡು ಕೂತಿದ್ದೀರಿ. ನೋಡೋದು ಬೇರೆ, ಬಿಗಿ ಹಿಡಿಯೋದು ಬೇರೆ.”

ಆ ಮಾತನ್ನು ಅವರು ತಲೆಗೆ ಹಚ್ಚಿಕೊಳ್ಳಲಿಲ್ಲ.

ಕಳೆದ ವರ್ಷ ಒಂದು ಬೆಳಗ್ಗೆ ಚೀಟಿ ಹಿಡಿದು ಬಂದವರು ಅವರ ಅಕ್ಕ. ತಾಯಿ ತೀರಿಕೊಂಡ ಮೇಲೆ ಅವರನ್ನು ಬೆಳೆಸಿದವರು. ಮೂರು ವಾರದಿಂದ ಕೆಮ್ಮು, ತೂಕವೂ ಇಳಿದಿತ್ತು.

“ಏನೇ, ನನ್ನನ್ನೂ ಸಾಲಲ್ಲಿ ನಿಲ್ಲಿಸ್ತೀಯಾ?”

“ಸರ ತೆಗಿ. ಗದ್ದ ಎತ್ತು. ಮಾತಾಡ್ಬೇಡ.”

“ನನಗೇ ಮಾತಾಡ್ಬೇಡ ಅನ್ನೋಷ್ಟು ದೊಡ್ಡೋಳಾದ್ಯಾ!”

“ಉಸಿರು ಎಳ್ಕೊ. ಹಿಡ್ಕೊ.”

ಗುಂಡಿ ಒತ್ತಿದರು. ಪರದೆಯಲ್ಲಿ ಚಿತ್ರ ಮೂಡಿತು. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಬಿಳಿ ಮಚ್ಚೆ. ಅಂಥವನ್ನು ಅವರು ನೂರಾರು ಕಂಡಿದ್ದರು. ಸೋಂಕಿರಬಹುದು, ಹಳೆಯ ಕಲೆಯಿರಬಹುದು, ಅದಕ್ಕಿಂತ ಕೆಟ್ಟದ್ದೂ ಇರಬಹುದು. ಅವರು ನೋಡುತ್ತಲೇ ನಿಂತರು. ‘ಬಿಡು’ ಎನ್ನಲೇ ಇಲ್ಲ.

ಯಾರ ಮಾತನ್ನೂ ಕೇಳದ ಅಕ್ಕ ಅಂದು ಮಾತ್ರ ಮಾತು ಕೇಳಿ ಉಸಿರು ಹಿಡಿದೇ ನಿಂತಿದ್ದರು. ಕೊನೆಗೆ ಕೆಮ್ಮು ಒತ್ತರಿಸಿ ಬಂದು ಬಗ್ಗಿದರು.

“ಸಾಯಿಸ್ತೀಯೇನೇ!” ಎಂದು ತಿರುಗಿದರು. ತಂಗಿಯ ಮುಖ ಎಂದಿನಂತೆಯೇ ಇತ್ತು. ಅಕ್ಕ ದನಿ ಇಳಿಸಿದರು. “ಏನೋ ಇದೆ, ಅಲ್ವಾ?”

“ಡಾಕ್ಟರ್ ಹೇಳ್ತಾರೆ.”

“ನಿನ್ನ ಮುಖ ನೋಡಿ ಕೇಳ್ತಿಲ್ಲ ಕಣೆ. ದಿನಾ ಹೇಳೋ ಮಾತೇ ಮರೆತೆಯಲ್ಲ, ಅದಕ್ಕೆ ಕೇಳ್ದೆ.”

ಅವರು ನಿಯಮ ಮುರಿಯಲಿಲ್ಲ, ಸುಳ್ಳನ್ನೂ ಹೇಳಲಿಲ್ಲ. ಕೋಣೆಯನ್ನು ಜೊತೆಯವರಿಗೆ ಒಪ್ಪಿಸಿ, ಡಾಕ್ಟರ ಬಾಗಿಲೆದುರಿನ ಬೆಂಚಿನಲ್ಲಿ ಅಕ್ಕನ ಪಕ್ಕ ಕುಳಿತರು. ಕುಳಿತವರೇ ಅತ್ತರು, ಸದ್ದು ಮಾಡಿಯೇ. ಹಾದುಹೋಗುತ್ತಿದ್ದ ನರ್ಸ್ ನಿಂತು ನೋಡಿ ಮುಂದೆ ಹೋದರು.

“ಎಲ್ಲ ಈಗ್ಲೇ ಅತ್ತು ಮುಗಿಸ್ಬಿಡ್ಬೇಡ ಕಣೆ,” ಎಂದರು ಅಕ್ಕ. “ಒಳಗೆ ಹೋದ್ಮೇಲೆ ನಾನೂ ಅಳೋದಾದ್ರೆ ಜೊತೆ ಬೇಕು.”

ಕಫ ಪರೀಕ್ಷೆಯಲ್ಲಿ ಕ್ಷಯ ಎಂದು ತಿಳಿಯಿತು. ಆರು ತಿಂಗಳ ಮಾತ್ರೆ; ವಾಸಿಯಾಗುವ ಕಾಯಿಲೆ. ಮನೆಯವರ ಚೀಟಿ ಬಂದರೆ ಆ ಎಕ್ಸ್‌ರೇಯನ್ನು ತಾವು ತೆಗೆಯುವುದಿಲ್ಲವೆಂದು ಅವರು ಮೇಲ್ವಿಚಾರಕರಿಗೆ ಬರೆದುಕೊಟ್ಟರು. ಎರಡನೇ ತಿಂಗಳ ಎಕ್ಸ್‌ರೇಗೆ ಅಕ್ಕ ಬಂದ ದಿನ, ಅಕ್ಕನ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹೊರಗೇ ಇದ್ದರು. ಒಳಗೆ ಹೋಗಿ ಒಮ್ಮೆ ಪರದೆ ನೋಡಿ ಬರಲು ಅಡ್ಡಿಯೇನಿರಲಿಲ್ಲ. ಹೋಗಲಿಲ್ಲ. ಡಾಕ್ಟರ್ ಕರೆಯುವವರೆಗೆ ಉಳಿದವರ ಜೊತೆ ಕಾದರು.