ಬ್ಯಾರನ್ ನೀನೇ ಆಗಬೇಕಿತ್ತು, ವಿಮಲಾ

ವಿಮಲಾ, ಬ್ಯಾರನ್ ಪಾರ್ಟು ನಿನ್ನದಾಗಿತ್ತು. ಸುಳ್ಳು ಹೇಳಿ ಅದನ್ನು ಕಸಿದುಕೊಂಡವಳು ನಾನು.

ಧಾರವಾಡದ ಕಾನ್ವೆಂಟಿನಲ್ಲಿ ಆಡಿದ ಆ ನಾಟಕ—ಒಬ್ಬ ನಾರ್ಮನ್ ಬ್ಯಾರನ್ನನ, ಅಂದರೆ ಸಾಮಂತನ, ಇಡೀ ಜೀವನ. ಅಪ್ಪನೊಡನೆ ಹಡಗಿನಲ್ಲಿ ಇಂಗ್ಲೆಂಡಿಗೆ ಬಂದು, ಕೋಟೆ ಕಟ್ಟಿ, ರಾಜನ ಮೇಲೆಯೇ ದಂಗೆಯೆದ್ದು, ಸೋತು, ಕೊನೆಗೆ ಕತ್ತಿ ಕೆಳಗಿಟ್ಟು ಮಠ ಸೇರಿದವನು. ಸಿಸ್ಟರ್ ನಿನ್ನನ್ನು ಆರಿಸಿದರು. ಎತ್ತರ ನಿನ್ನದು, ವಾಯ್ಸ್ ನಿನ್ನದು. ನನಗೆ ಸಿಕ್ಕಿದ್ದು ಬಟ್ಟೆಯ ಕುದುರೆಯೊಳಗೆ ಹಿಂಗಾಲಾಗುವ ಕೆಲಸ! ಹೊಟ್ಟೆ ಉರಿಯಿತು—ಬೇರೇನೆನ್ನಲಿ? ಸ್ಟಾಫ್‌ರೂಮಿಗೆ ಹೋಗಿ, ಬಹಳ ಸಂಭಾವಿತಳಂತೆ, "ಸಿಸ್ಟರ್, ವಿಮಲಾಳ ಫಾದರ್ ಪ್ಯಾಂಟ್ ಹಾಕಲು ಬಿಡುವುದಿಲ್ಲ. ವೆರಿ ಆರ್ಥೊಡಾಕ್ಸ್" ಎಂದೆ. ನಿನ್ನ ಅಪ್ಪನ ಜುಟ್ಟು, ಗೋಪಿಚಂದನ ಕಂಡಿದ್ದ ಸಿಸ್ಟರ್ ಕೂಡಲೇ ನಂಬಿದರು. ನಿನ್ನ ಅಪ್ಪನೇ ಬೇಡವೆಂದರಂತೆ ಎಂದು ನಿನಗೂ ಹೇಳಿದರು. ಅಪ್ಪನೆದುರು ನಿಂತು 'ಯಾಕೆ' ಎನ್ನುವ ಕಾಲವೇ ಅದು?

ಹೀಗೆ ನಾನು ಬ್ಯಾರನ್—ತಲೆಗೆ ಅಲ್ಯುಮಿನಿಯಂ ಬೋಗುಣಿ, ಹೆಗಲಿಗೆ ಕಾನ್ವೆಂಟಿನ ಅತಿಥಿಕೋಣೆಯ ಪರದೆ, ಇದ್ದಿಲಿನ ಮೀಸೆ. ಹಿಂಗಾಲು ನೀನು. ದಂಗೆಯ ಸೀನಿನಲ್ಲಿ ನೀನು ಒದ್ದ ಒದೆತಕ್ಕೆ ರಾಜನೇ ಉರುಳಿಬಿದ್ದ, ಚಪ್ಪಾಳೆಯೆಲ್ಲ ನಿನಗೆ! ನಿನ್ನ ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಇಷ್ಟು ವರ್ಷ ಇದು ಬರೀ ತಮಾಷೆ ಎಂದೇ—ಹಾಗೆಂದುಕೊಳ್ಳುವುದು ಸುಲಭವಿತ್ತು. ಮೊನ್ನೆ, ನಾವಿಬ್ಬರೂ ಬಂದು ನೆಲೆಸಿದ ಈ ಪರದೇಶದ ಪೋರ್ಟ್ ಕ್ರೆಡಿಟ್‌ನಲ್ಲಿ, ದೋಣಿಗಳೆದುರಿನ ಬೆಂಚಿನ ಮೇಲೆ ಐಸ್‌ಕ್ರೀಮ್ ತಿನ್ನುತ್ತ ನಿನ್ನ ಮೊಮ್ಮಗಳು ಕೇಳಿದಳು: "ಅಜ್ಜಿ, ವರ್ ಯೂ ರಿಯಲಿ ದ ಹಾರ್ಸ್?"

"ಹೌದವಾ, ಅದೂ ಹಿಂದಿನ ಅರ್ಧಾ! ಈಕಿ ಮುಂದ ಮೀಸಿ ತಿರುವಕೋತ ನಿಂತಿದ್ಲು" ಎಂದು ನೀನು ನಕ್ಕೆ. ಆಮೇಲೆ ನನ್ನ ಕಡೆ ಬಾಗಿದೆ.

"ಖರೇ ಹೇಳ್ಲೇನ? ಪ್ಯಾಂಟ್ ಬ್ಯಾಡಂದ್ರಂತ ಅಪ್ಪಾರ ಮ್ಯಾಲ ಭಾಳ ವರ್ಷ ಸಿಟ್ಟಿತ್ತು ನನಗ. ಯಾಕ ಅಂತ ಒಂದ ಮಾತ ಕೇಳ್ಲಿಲ್ಲ ನಾ. ಹಂಗ ಹೋಗಿಬಿಟ್ರು."

ಐಸ್‌ಕ್ರೀಮ್ ಕರಗಿ ನನ್ನ ಮೊಣಕೈವರೆಗೂ ಇಳಿಯಿತು. ಆಗಲೇ ಹೇಳಬೇಕಿತ್ತು. ನಾನು ಹೇಳಿದ್ದೇನು ಗೊತ್ತಲ್ಲ—"ನೋಡ, ಬಾತುಕೋಳಿ ಎಷ್ಟ ಚಂದ ಅದಾವ!"

ಭಾನುವಾರ ಯೂನಿಯನ್‌ವಿಲ್‌ಗೆ, ನಿನ್ನ ಮನೆಗೆ ಬರುತ್ತೇನೆ. ಬೈಯುವುದಿದ್ದರೆ ಬೈಯಿ; ಮಾತು ಬಿಡುವುದಿದ್ದರೆ... ಅದೂ ನಿನ್ನಿಷ್ಟ. ಮೊಮ್ಮಗಳಿಗೂ ಕೇಳುವಂತೆ ಇದನ್ನೆಲ್ಲ ಬಾಯಿಬಿಟ್ಟು ಹೇಳಿಯೇ ಹೇಳುತ್ತೇನೆ. ನಿನ್ನ ಅಪ್ಪ ಬೇಡವೆನ್ನಲಿಲ್ಲ, ವಿಮಲಾ. ಅವರನ್ನು ಯಾರೂ ಕೇಳಿರಲೇ ಇಲ್ಲ.