ಜೀಪಿಗೆ ಹಚ್ಚಿದ ಬೆಳ್ಳಿ ಬಣ್ಣ

ನಿನ್ನೆ ಬೆಳಗ್ಗೆ ಶೇಂಗಾ ಚಟ್ನಿ ಅರೆಯುವಾಗ ಮಿಕ್ಸರಿನಿಂದ ಸುಟ್ಟ ವಾಸನೆ ಬಂತು. ಸೊಸೆ ಮೂಗು ಮುಚ್ಚಿಕೊಂಡಳು. ನಾನು ಇನ್ನೊಮ್ಮೆ ಮೂಸಿದೆ. ಕಾದ ತಾಮ್ರ, ಕರಿ ಕಾರ್ಬನ್ನು… ಖಾನಾಪುರದ ಮೋಟಾರು ರಿಪೇರಿ ಮಿಸ್ತ್ರಿಯವರ ಅಂಗಡಿಯ ವಾಸನೆ ಅದು.

ಆಗ ನಾವು ಖಾನಾಪುರದಲ್ಲಿದ್ದೆವು. ನಮ್ಮವರು ಹತ್ತಿರದ ಹಲಸಿ ಊರಿಗೆ ಬಾಡಿಗೆ ಜೀಪು ಓಡಿಸುತ್ತಿದ್ದರು. ಸ್ಟಾರ್ಟರ್ ಮೋಟಾರು ಕೈಕೊಟ್ಟಾಗಲೆಲ್ಲ ಆ ಮಿಸ್ತ್ರಿಯೇ ಸರಿಮಾಡುತ್ತಿದ್ದರು. ಚಹಾ ಒಯ್ಯುವ ನೆಪದಲ್ಲಿ ನಾನು ನಿಂತು ನೋಡುತ್ತಿದ್ದೆ. ಪಾನಾ ಹಿಡಿದು ಬೋಲ್ಟು ಬಿಚ್ಚುವುದನ್ನೂ ಕಲಿತೆ… ಕಲಿಯಬಾರದಿತ್ತು.

ಒಂದು ಖಂಡೇನವಮಿಗೆ ಮುಂಚೆ ಅವರು ಮೋಟಾರಿನೊಳಗೆ ಸವೆದಿದ್ದ ಕಾರ್ಬನ್ ತುಂಡು ತೆಗೆದು, ಹೊಸದು ಹಾಕಿ ಕೂಡಿಸಿಕೊಟ್ಟರು. ಆಯುಧಪೂಜೆಗೆ ಗಾಡಿ ಮಿಂಚಲಿ ಎಂದು ನಾನು ಬಾನೆಟ್ಟಿನ ಒಳಗೆಲ್ಲ ಬೆಳ್ಳಿ ಬಣ್ಣ ಬಳಿದೆ. ಬ್ಯಾಟರಿಯಿಂದ ಚಾಸಿಯ ಕಬ್ಬಿಣಕ್ಕೆ ಬರುವ ದಪ್ಪ ಅರ್ಥ್ ವಾಯರು ಅಡ್ಡ ಬರುತ್ತಿತ್ತು. ಅದನ್ನು ಬಿಚ್ಚಿ, ಅದರ ಕೆಳಗೂ ಹಚ್ಚಿ, ಒಣಗಿದ ಮೇಲೆ ಬಿಗಿದೆ. ಯಾರಿಗೂ ಹೇಳಲಿಲ್ಲ.

ಪೂಜೆ ಮುಗಿಸಿ ಕೀಲಿ ತಿರುಗಿಸಿದರೆ ಟಕ್ ಎಂದಿತು, ಅಷ್ಟೇ. ಗಾಡಿಯನ್ನು ಅಂಗಡಿಯವರೆಗೆ ದಬ್ಬಿದೆವು. ಜೀಪ್ ಸ್ಟ್ಯಾಂಡಿನವರೆಲ್ಲ ಸೇರಿದರು.

"ಹಳೇ ಕಾರ್ಬನ್ ಹಾಕಿ ಕಳ್ಸೀಯಲ್ಲೋ!" ಎಂದು ನಮ್ಮವರು ಹರಿಹಾಯ್ದರು.

ಮಿಸ್ತ್ರಿ ಮೋಟಾರನ್ನು ಬಿಚ್ಚಿ, ಬೆಂಚಿನ ಮೇಲಿನ ವೈಸಿನ ಇಕ್ಕಳಕ್ಕೆ ಬಿಗಿದು ಬ್ಯಾಟರಿಯ ವಾಯರು ಮುಟ್ಟಿಸಿದರು. ಹಲ್ಲಿನ ಗಾಲಿ ಜಿಗಿದು ಗುರ್ರೆಂದು ತಿರುಗಿತು.

"ಮೋಟಾರ್ ಚಲೋ ಐತ್ರಿ ಮಾಲಕ್ರ."

"ಗಾಡ್ಯಾಗ ಯಾಕ ತಿರಗವಲ್ದು? ನಿನ್ನ ಬೆಂಚ್ ಮ್ಯಾಲೆ ಕುಂತು ಹಲಸಿಗೆ ಹೋಗ್ಲೇನು?"

ಎಲ್ಲರೂ ನಕ್ಕರು. ಮಿಸ್ತ್ರಿ ಮೋಟಾರು ಮತ್ತೆ ಕೂಡಿಸಿ, ಬ್ಯಾಟರಿಯಿಂದ ಇಂಜಿನ್ನಿಗೆ ಬೇರೊಂದು ವಾಯರು ನೇರವಾಗಿ ಹಿಡಿದರು. ಗಾಡಿ ಒಮ್ಮೆಲೇ ಚಾಲೂ ಆಯಿತು. ಆಮೇಲೆ ಅರ್ಥ್ ವಾಯರು ಬಿಚ್ಚಿದರು. ಕರೆಂಟು ತಡೆದದ್ದು ಅದರ ಕೆಳಗಿನ ಬಣ್ಣ. ಅವರ ಕಣ್ಣು ನನ್ನ ಉಗುರಿನ ಮೇಲೆ ಬಿತ್ತು… ಅಲ್ಲೂ ಬೆಳ್ಳಿ. ನಾನು ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ.

ಅವರು ಯಾರಿಗೂ ಕಾಣದಂತೆ ಮೈ ಅಡ್ಡ ಹಿಡಿದು ಬಣ್ಣ ಕೆರೆದರು. "ತಪ್ಪು ನಂದ ರೀ. ಅರ್ಥ್ ವಾಯರ್ ನೋಡೂದು ಮರ್ತಿದ್ದೆ," ಎಂದರು.

ಅಂದಿನಿಂದ ನಮ್ಮವರು ಗಾಡಿಯನ್ನು ರಿಪೇರಿಗೆ ಬೆಳಗಾವಿಗೇ ಒಯ್ಯತೊಡಗಿದರು. ಸ್ಟ್ಯಾಂಡಿನ ಇನ್ನೂ ಕೆಲವರು ಹಾಗೆಯೇ ಮಾಡಿದರು. ಎದುರು ಸಿಕ್ಕಾಗ ಮಿಸ್ತ್ರಿ ಮಾತ್ರ ಅತ್ತಿಗೆಯನ್ನು ಛೇಡಿಸುವಂತೆ ಮೆಲ್ಲಗೆ, "ವೈನಿ, ಈ ವರ್ಷ ಯಾವ ಬಣ್ಣ?" ಎನ್ನುತ್ತಿದ್ದರು. ನಾನು ನಗುತ್ತಿದ್ದೆ, ಮನೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ…

ನಿನ್ನೆ ಮಿಕ್ಸರಿನ ಮುಂದೆ ನಿಂತೇ ನಮ್ಮವರಿಗೆ ಎಲ್ಲ ಹೇಳಿದೆ. ಅವರು ಮಿಕ್ಸರಿನ ಪ್ಲಗ್ಗು ಕಿತ್ತು, "ಚಪ್ಲಿ ಹಾಕ್ಕೊ. ಖಾನಾಪುರಕ್ಕ ಹೋಗೂಣು," ಎಂದರು.

ಬಾಗಿಲು ತೆಗೆದದ್ದು ಮಿಸ್ತ್ರಿಯವರ ಹೆಂಡತಿ. "ಅವ್ರು ತೀರಿಹೋಗಿ ಎರಡು ವರ್ಷಾತ್ರಿ."

ನಮ್ಮವರು ಹೊಸ್ತಿಲ ಹೊರಗೇ ನಿಂತರು. "ಅವತ್ತು ಅವ್ರ ತಪ್ಪಿರ್ಲಿಲ್ರೀ. ತಪ್ಪು ನಮ್ದಿತ್ತು," ಎಂದರು. ನನ್ನ ಕಡೆ ಕೈ ತೋರಿಸಲಿಲ್ಲ.

ಆಕೆ ನನ್ನನ್ನೇ ನೋಡಿ ನಕ್ಕರು. "ಬಣ್ಣದ ವೈನಿ ಅಂತ ನೆನಸ್ಕೊಂಡು ಭಾಳ ನಗತಿದ್ರು." ನೀರಿನ ಲೋಟ ನನ್ನ ಕೈಗಿಟ್ಟರು. "ಆದ್ರ ಇದನ್ನ ಅವ್ರಿದ್ದಾಗ ಹೇಳಬೇಕಿತ್ರಿ."

ಹೌದು, ಹೇಳಬೇಕಿತ್ತು.